ಹಂಚಿನ ಚೂರಿಲ್ಲದ ಮಳೆಗಾಲ

ಹೋದ ವೈಶಾಖದಲ್ಲಿ ಒಂದು ಲಗ್ನಕ್ಕೆಂದು ಖಾನಾಪುರಕ್ಕೆ ಹೋಗಿದ್ದೆ. ಸ್ಟೇಶನ್ನಿನಿಂದ ಪೇಟೆಯ ಕಡೆ ಹೋಗುವ ಓಣಿಯಲ್ಲಿ ನಳ ಹಾಕಲು ಉದ್ದಕ್ಕೂ ತಗ್ಗು ಅಗೆದಿದ್ದರು. ಆಗಷ್ಟೇ ಒಂದು ಅಡ್ಡಮಳೆ ಬಡಿದು ನಿಂತಿತ್ತು. ತಗ್ಗಿನ ಹತ್ತಿರ ಹೋದದ್ದೇ ತಡ, ಗಪ್ಪನೆ ಆ ವಾಸನೆ ಬಂತು. ಸುಟ್ಟ ಮಣ್ಣು ನೀರು ಕುಡಿದಾಗ ಬರುವ ವಾಸನೆ. ಕೋಲು ಊರಿಕೊಂಡು ಬಗ್ಗಿ ನೋಡಿದೆ. ಮೇಲೆ ಗೇಣುದ್ದ ಹಳದಿ ಗರಸು, ದಾರಿಗೆ ಹಾಕುವ ಗಟ್ಟಿ ಜಲ್ಲಿಮಣ್ಣು. ಅದರ ಕೆಳಗೆ ಕೆಂಪು ಹಂಚಿನ ಚೂರು, ಪದರದ ಮೇಲೆ ಪದರ, ತಳ ಕಾಣುವವರೆಗೂ.

ಗುದ್ದಲಿ ಹಿಡಿದಿದ್ದ ಆಳು ನನ್ನನ್ನು ನೋಡಿ ಕೇಳಿದ: "ಅಜ್ಜಾರ, ಇಲ್ಲೇನ ಹಳೇ ಊರು ಹುಗದೈತೇನ್ರಿ? ಎಷ್ಟ ಅಗದ್ರೂ ಬರೇ ಹಂಚಿನ ಚೂರ ಬರಾಕತ್ತಾವ."

"ಊರಲ್ಲಪಾ, ನಮ್ಮ ಸಾವಕಾರ್ರ ರೊಕ್ಕ ಹುಗದೈತಿ" ಎಂದೆ.

ಪಾಪ, ಅವನು ಖರೇ ಅಂತ ತಿಳಿದು ಗುದ್ದಲಿ ಬಿಟ್ಟು ಕೈಯಿಂದ ಕೆದರತೊಡಗಿದ. ನನಗೆ ನಗು ತಡೆಯಲಿಲ್ಲ. ಅಲ್ಲೇ ನಿಂತು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅಕ್ಷತೆಗೆ ತಡವಾಯಿತೆಂದು ಆಮೇಲೆ ಹೆಂಡತಿಯ ಕೈಲಿ ಸಾಕಷ್ಟು ಬೈಸಿಕೊಂಡೆ. ಆದರೆ ಮಂಟಪದಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ ಒಂದು ಮಳೆಗಾಲ.

ಬೆಳಗಾವಿಯಲ್ಲಿ ಆ ದೊಡ್ಡ ಅಧಿವೇಶನ ನಡೆದ ಮರುವರ್ಷ, ಅಂದರೆ ಇಪ್ಪತ್ತೈದನೆಯ ಇಸವಿ. ನಾನು ರವಿವಾರ ಪೇಟೆಯಲ್ಲಿ ಪಾಯಪ್ಪ ಸಾವಕಾರರ ಅಂಗಡಿಯಲ್ಲಿ ಕಾರಕೂನ. ಕಾರಕೂನ ಎಂದರೆ ಹಗಲೆಲ್ಲ ಬರೆಯುವವನು, ಮಿಕ್ಕ ಹೊತ್ತಿನಲ್ಲಿ ಬೈಸಿಕೊಳ್ಳುವವನು. ಸಾವಕಾರರು ಜೈನರು, ನೇಮದ ಮನುಷ್ಯ. ದೀಪ ಹಚ್ಚುವ ಮೊದಲೇ ಊಟ ಮುಗಿಸುವವರು. ಚರ್ಮದ ಚಪ್ಪಲಿ ಮೆಟ್ಟದೆ ಕ್ಯಾನ್ವಾಸ್ ಬೂಟು ಹಾಕಿಕೊಳ್ಳುವವರು. ಕೈಯಲ್ಲಿ ಮುಟ್ಟಿ ನೋಡದ ಯಾವುದನ್ನೂ ನಂಬದವರು. ಅವರ ತಮ್ಮ ಜಿನ್ನಪ್ಪ ಖಾನಾಪುರದಲ್ಲಿ ಮನೆತನದ ಹಂಚಿನ ಕಾರಖಾನೆ ನೋಡಿಕೊಳ್ಳುತ್ತಿದ್ದರು. ಅಣ್ಣ ಎಷ್ಟು ಬಿಗಿಯೋ ತಮ್ಮ ಅಷ್ಟು ಸಡಿಲ. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ, ತಪ್ಪು ತಮ್ಮದೇ ಇರಬೇಕು ಎಂದುಕೊಳ್ಳುವ ಜೀವ.

ಹಿಂದಿನ ಮಳೆಗಾಲದಲ್ಲಿ ಕಾರಖಾನೆಯ ಹಳೆಯ ಛಪ್ಪರದೊಳಗೆ ಗಂಗವ್ವ ಎಂಬ ಕೆಲಸದ ಹೆಣ್ಣುಮಗಳು ತಲೆಯ ಮೇಲೆ ಹಸಿ ಹಂಚಿನ ಹಲಗೆ ಹೊತ್ತು ಹೋಗುವಾಗ ಕೆಸರಿನಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. ಜಿನ್ನಪ್ಪಣ್ಣನ ಕಣ್ಣೆದುರಿಗೇ ಬಿದ್ದಳಂತೆ. ಅವರಿಗೆ ನಿದ್ದೆ ಬರಲಿಲ್ಲ. ಛಪ್ಪರಕ್ಕೆ ಒಂದಿಷ್ಟು ದುರಸ್ತಿ ಮಾಡಿಸುತ್ತೇನೆಂದು ಅಣ್ಣನಿಂದ ಹೂಂ ಅನ್ನಿಸಿಕೊಂಡು ಹೋದವರು, ದೀಪಾವಳಿಯಿಂದ ಯುಗಾದಿಯವರೆಗೆ ಕಟ್ಟಿಸಿದ್ದೇ ಕಟ್ಟಿಸಿದ್ದು. ಸಾಗವಾನಿ ಕಂಬದ ಎತ್ತರದ ಶೆಡ್ಡು. ನೆಲಕ್ಕೆಲ್ಲ ಕಲ್ಲಿನ ಫರಸಿ. ಇರಚಲು ಬಡಿಯುವ ಪಡುವಣ ಮಗ್ಗುಲಿಗೆ ಮುಚ್ಚಿ ತೆಗೆಯುವ ಹಲಗೆಯ ಬಾಗಿಲು. ಭಟ್ಟಿಯ ಬಿಸಿ ಗಾಳಿ ಹಂಚಿನ ಸಾಲಿನ ಕೆಳಗೆ ಹಾಯ್ದು ಹೋಗಲು ಇಟ್ಟಂಗಿಯ ಕಾಲುವೆ. ಕುಡಿಯುವ ನೀರಿನ ಹೌದು, ಅಂದರೆ ತೊಟ್ಟಿ. ಹೆಣ್ಣುಮಕ್ಕಳು ಕೂತು ಬುತ್ತಿ ಉಣ್ಣಲು, ಕೂಸಿಗೆ ಹಾಲೂಡಿಸಲು ಒಂದು ಖೋಲಿ. ಖರ್ಚಿನ ಸುದ್ದಿ ಬೆಳಗಾವಿಗೆ ಮುಟ್ಟಿದ ದಿನ ದೊಡ್ಡ ಸಾವಕಾರರು ಮಧ್ಯಾಹ್ನದ ಊಟವನ್ನೂ ಬಿಟ್ಟರು.

ಸಂಜೆ ನನ್ನನ್ನು ಕರೆದರು. "ಶಿವಲಿಂಗಾ, ಮಂದಿ ತಾವು ಇರಾಕ ಮನಿ ಕಟ್ಟಿಸ್ತಾರ. ನಮ್ಮ ಜಿನ್ನಪ್ಪ ಹಸಿ ಹಂಚಿಗೆ ಅರಮನಿ ಕಟ್ಟಿಸ್ಯಾನ! ಧರ್ಮಾ ಮಾಡೂದಿದ್ರ ಬಸದಿಗೆ ಮಾಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಧಂದೇದ ರೊಕ್ಕ ಧಂದೇಕ್ಕ ತಿರುಗಿ ಬರಬೇಕು. ನೀ ಹೋಗು. ಮಳಿಗಾಲ ಪೂರಾ ಅಲ್ಲೇ ಇದ್ದು ನೋಡು, ಹಾಕಿದ್ದು ತಿರುಗಿ ಬರತೈತೋ ಇಲ್ಲೋ ಅಂತ. ಭಾದ್ರಪದದ ನೋಂಪಿ ವ್ರತಾ ಮುಗಿಸಿ ನಾನ ಬರ್ತೀನಿ. ಬರೂದಿಲ್ಲ ಅಂದ್ರ ಕಂಬಾ ಕಿತ್ತು ಮಾರೂಣು, ಕಾರಖಾನಿಗೆ ಕೀಲಿ ಜಡಿಯೂಣು."

"ಹೊಸಾ ಶೆಡ್ಡಿನಿಂದ ಲಾಭ ಆದ್ರೂ ಆಗಬಹುದ್ರಿ ಸಾವಕಾರ್ರ" ಎಂದೆ, ಮಾತಿಗೆ.

"ಆ ಶೆಡ್ಡಿನ ಸುದ್ದಿಯೊಳಗ ಲಾಭ ಅನ್ನೂ ಮಾತು ನನ್ನ ಮುಂದ ತಗೀಬ್ಯಾಡ!"

ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ನೀಲವ್ವನನ್ನು ಕಟ್ಟಿಕೊಂಡು, ಎರಡು ಟ್ರಂಕು ಒಂದು ಹಾಸಿಗೆ ಸುರುಳಿಯ ಜೊತೆ ರೈಲು ಹತ್ತಿದೆ. ನನಗೆ ಸಿಟ್ಟೋ ಸಿಟ್ಟು. ಅಣ್ಣತಮ್ಮಂದಿರ ಜಗಳದೊಳಗೆ ನನ್ನನ್ನು ಯಾಕೆ ಸಿಗಿಸಬೇಕು? ಶೆಡ್ಡು ಉಳಿದರೆ ನನಗೇನು, ಬಿದ್ದರೆ ನನಗೇನು? ಹಾಕಿದ್ದು ತಿರುಗಿ ಬರುವುದಿಲ್ಲ ಎಂದು ಬೇಗ ಬರೆದುಕೊಟ್ಟು ಬೆಳಗಾವಿಗೆ ಮರಳಿದರಾಯಿತು ಎಂದುಕೊಂಡೇ ಖಾನಾಪುರದಲ್ಲಿ ಇಳಿದೆ.

ಇಳಿದ ದಿನ ಹಿಡಿದ ಮಳೆ ಬಿಡಲೇ ಇಲ್ಲ. ಬೆಳಗಾವಿಯ ಮಳೆ ಕಂಡವನಿಗೂ ಖಾನಾಪುರದ ಮಳೆ ಬೇರೆಯೇ. ಬೆಳಗಾವಿಯಲ್ಲಿ ಅದು ಬಂದು ಹೋಗುತ್ತದೆ, ಇಲ್ಲಿ ಬಂದು ಉಳಿಯುತ್ತದೆ. ನೀಲವ್ವ ಒಣಹಾಕಿದ ಸೀರೆ ಒಣಗದೆ ವಾಸನೆ ಹಿಡಿಯಿತು, ಉಪ್ಪಿನ ಡಬ್ಬಿಯಲ್ಲಿ ನೀರು ನಿಂತಿತು. ಊರೆಲ್ಲ ಹಸಿಹಸಿ ಇದ್ದಾಗ ಒಣಗಿದ್ದ ಜಾಗ ಒಂದೇ, ಜಿನ್ನಪ್ಪಣ್ಣನ ಶೆಡ್ಡು. ಒಳಗೆ ಕಾಲಿಟ್ಟ ಮೊದಲ ದಿನವೇ ಮೈ ಹಗುರಾಯಿತು. ಕಾಲ ಕೆಳಗೆ ಬೆಚ್ಚಗಿನ ಫರಸಿ, ಸಾಲುಸಾಲಾಗಿ ಸೊಂಟದೆತ್ತರದ ಹಲಗೆಯ ಮೇಲೆ ಹಸಿ ಹಂಚು, ತಲೆಯ ಮೇಲೆ ಮಳೆಯ ಸದ್ದು ಮಾತ್ರ. ಗಂಗವ್ವ ಸೆಟೆದುಹೋದ ತನ್ನ ಬಲಗೈಯಿಂದಲೇ ಹಂಚು ತಿರುವಿ ಇಡುತ್ತಿದ್ದಳು.

"ಬರ್ರಿ ಕಾರಕೂನ್ರ. ಬೆಳಗಾವಿಯಿಂದ ನಮ್ಮ ನೆಲಾ ಅಳಿಯಾಕ ಬಂದಿರಂತ. ಮೆಲ್ಲಕ ಕಾಲಿಡ್ರಿ, ಸವದಗಿವದೀತು" ಎಂದಳು. ಉಳಿದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಮೋರೆ ಗಂಟಿಕ್ಕಿಕೊಂಡೆ. ಮನೆಗೆ ಬಂದು ನೀಲವ್ವನ ಮುಂದೆ ಹೇಳುವಾಗ ನನಗೂ ನಗು ಬಂತು.

ನನ್ನ ಕೆಲಸ ಸುಲಭ ಎಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಒತ್ತಿದ ಹಂಚೆಷ್ಟು, ಈ ಮಳೆಗಾಲದ್ದು ಎಷ್ಟು, ಪಗಾರವೆಷ್ಟು, ಕಟ್ಟಿಗೆ ಎಷ್ಟು, ಬಾಜುಬಾಜು ಇಟ್ಟು ನೋಡಿದರೆ ಮುಗಿಯಿತು. ನೋಡಿದೆ. ಎರಡೂ ಒಂದೇ! ಹಂಚು ಒತ್ತುವ ಯಂತ್ರ ಅದೇ ಹಳೆಯದು, ಅದು ಒತ್ತುವಷ್ಟೇ ಒತ್ತುತ್ತದೆ. ಪಗಾರ ಒತ್ತಿದ ಹಂಚಿನ ಮೇಲೆ, ಅದೂ ಅಷ್ಟೇ. ಹಾಗಾದರೆ ಅಷ್ಟೊಂದು ರೊಕ್ಕ ಸುರಿದದ್ದು ಎಲ್ಲಿ ಹೋಯಿತು? ಶೆಡ್ಡು ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಆದರೆ ಒಳಗೆ ಹೋಗಿ ನಿಂತರೆ ಕಣ್ಣು ಬೇರೆ ಹೇಳುತ್ತಿತ್ತು. ಯಾರೂ ಜಾರಲಿಲ್ಲ. ಯಾರೂ ಹಲಗೆ ಕೆಡವಲಿಲ್ಲ. ಹಂಚು ಹೇಗೆ ಇಟ್ಟರೆ ಹಾಗೆ ಒಣಗಿ ಭಟ್ಟಿಗೆ ಹೋಗುತ್ತಿದ್ದವು.

ಅಲ್ಲಿ ಹೊಳೆಯಿತು, ನೋಡಬೇಕಾದದ್ದು ಒತ್ತಿದ ಹಂಚನ್ನಲ್ಲ, ಒಡೆದ ಹಂಚನ್ನು. ಹೋದ ವರ್ಷ ಎಷ್ಟು ಒಡೆದಿದ್ದವು? ಜಿನ್ನಪ್ಪಣ್ಣನನ್ನು ಕೇಳಿದೆ.

ಅವರು ತಲೆ ಕೆರೆದುಕೊಂಡರು. "ಅದನ್ನ ಯಾರೂ ಎಣಸಂಗಿಲ್ಲೋ ಶಿವಲಿಂಗಾ. ನಮ್ಮ ಅಪ್ಪನ ಕಾಲದಿಂದ ಹಂಗ ಐತಿ. ಒತ್ತಿದ್ದು ಎಣಸ್ತೀವಿ, ಪಗಾರ ಕೊಡಬೇಕಲ್ಲ. ಮಾರಿದ್ದು ಎಣಸ್ತೀವಿ, ರೊಕ್ಕ ತಗೋಬೇಕಲ್ಲ. ನಡಬರಕ ಭಟ್ಟಿ ಏನ ತಿಂತೋ ಅದನ್ನ ಎಣಸಬಾರದಂತ."

"ಹಂಗಾರ ಮಾರಿದ್ದರಾಗ ತಿಳೀತೈತಲ್ರಿ?"

"ಮಾರೂದು ದೀಪಾವಳಿ ಆದಮ್ಯಾಲೆ. ಅಂಗಳದಾಗ ನೋಡು, ಹೋದ ವರ್ಷದ್ದು, ಅದರ ಹಿಂದಿಂದು, ಈ ವರ್ಷದ್ದು, ಎಲ್ಲಾ ಒಂದ ಕಡೆ ಒಟ್ಟೇವಿ. ಯಾವದು ಯಾವ ವರ್ಷದ್ದಂತ ಹೆಂಗ ಹೇಳೂದು?"

ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಭಟ್ಟಿಯ ಬಾಯಿ ತೆಗೆದ ದಿನ ನಾನೇ ನಿಂತು ಎಣಿಸಲು ಹೋದೆ. ಹೆಂಗಸರೆಲ್ಲ ಹಾಂ ಹಾಂ ಎಂದು ಅಡ್ಡ ಬಂದರು. "ಹಡದ ಬಾಣಂತಿ ಮುಂದ ನಿಂತು ಕೂಸಿನ ಬಟ್ಟ ಎಣಸ್ತೀರೇನ್ರಿ? ಕಣ್ಣ ಮುಟ್ಟತೈತಿ!" ಎಂದಳು ಗಂಗವ್ವ. ಕಡೆಗೆ ಜಿನ್ನಪ್ಪಣ್ಣ ಭಟ್ಟಿಗೊಂದು ತೆಂಗಿನಕಾಯಿ ಒಡೆಸಿ ಎಲ್ಲರನ್ನೂ ಸಮಾಧಾನ ಮಾಡಿದ ಮೇಲೆ ಎಣಿಸಲು ಬಿಟ್ಟರು. ಒಡೆದದ್ದು ಬಹಳ ಕಡಿಮೆ. ಬುಟ್ಟಿಯಲ್ಲಿ ಹಿಡಿಯುವಷ್ಟು. ನನಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನವೇ ರೈಲು ಹತ್ತಿ ಬೆಳಗಾವಿಗೆ ಓಡಿದೆ.

ದೊಡ್ಡ ಸಾವಕಾರರು ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು ಕೇಳಿದರು. "ಹೋದ ವರ್ಷ ಎಷ್ಟ ಒಡದಿದ್ವು?"

"ಅದು... ಯಾರೂ ಎಣಿಸಿಲ್ರಿ."

"ಹೋದ ವರ್ಷದ್ದು ಗೊತ್ತಿಲ್ಲ ಅಂದ್ರ ಈ ವರ್ಷ ಕಡಿಮಿ ಆಗೇತಿ ಅಂತ ಹೆಂಗ ಹೇಳ್ತೀಯೋ ಮಂಗ್ಯಾ? ಹೋದ ವರ್ಷನೂ ಇಷ್ಟ ಒಡದಿರಬಹುದಲ್ಲ?"

ಅವರ ಮಾತು ಖರೇ ಇತ್ತು. ಅದೇ ನನ್ನ ಹೊಟ್ಟೆಯುರಿ. ಮನುಷ್ಯ ಹಟಕ್ಕೆ ಅಂದಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮರುವಾರ ಒಬ್ಬ ಕಂತ್ರಾಟದಾರ ಖಾನಾಪುರಕ್ಕೆ ಬಂದ. ದೊಡ್ಡ ಸಾವಕಾರರು ಕಳಿಸಿದ್ದಾರೆಂದು ಹೇಳಿ, ಟೇಪು ಹಿಡಿದು ಶೆಡ್ಡಿನ ಕಂಬಗಳ ಸುತ್ತಳತೆ ತೆಗೆದುಕೊಳ್ಳತೊಡಗಿದ. ಒಂದೊಂದು ಕಂಬಕ್ಕೂ ಸುಣ್ಣದ ಗುರುತು ಹಾಕಿದ. ಕೆಲಸ ನಿಂತಿತು. ಹೆಂಗಸರು ಹಲಗೆ ಕೆಳಗಿಳಿಸಿ ನೋಡುತ್ತ ನಿಂತರು. ಕಾರಖಾನೆ ಮುಚ್ಚಿದರೆ ಅವರಿಗೆ ಆ ಊರಲ್ಲಿ ಮಳೆಗಾಲದ ಕೂಲಿ ಮತ್ತೆಲ್ಲಿತ್ತು? ಜಿನ್ನಪ್ಪಣ್ಣ ಮಾತ್ರ ಆ ಮನುಷ್ಯನಿಗೆ ಚಹಾ ತರಿಸಿಕೊಟ್ಟರು. ಅವನು ಹೋದ ಮೇಲೆ ಸುಣ್ಣದ ಗುರುತನ್ನು ಅಂಗೈಯಿಂದ ಒರೆಸಿ ನೋಡಿದರು. ಹೋಗಲಿಲ್ಲ.

"ಅಣ್ಣಂದು ತಪ್ಪಿಲ್ಲೋ ಶಿವಲಿಂಗಾ. ನಂಗ ತೋರಸಾಕ ಬರಲಿಲ್ಲ" ಎಂದರು. ಆ ದಿನ ನನಗೆ ನಿಜವಾಗಿ ಸಂಕಟವಾಯಿತು. ಇವರ ಶೆಡ್ಡು ಉಳಿಯಲೇಬೇಕು ಎಂದು ನನ್ನ ಮನಸ್ಸು ಹಟ ಹಿಡಿದದ್ದು ಆವಾಗ.

ಈ ನಡುವೆ ಮನೆಯಲ್ಲಿ ಇನ್ನೊಂದು ತಕರಾರು. ನಮ್ಮ ಓಣಿಯ ಕೆಸರು. ಮೊಣಕಾಲವರೆಗೆ ಕೆಸರು ಎಂದರೆ ಸುಳ್ಳಲ್ಲ. ನೀಲವ್ವ ಕೊಡ ಹೊತ್ತು ಬರುವಾಗ ಜಾರಿ, ಕೊಡ ನೆಗ್ಗಿ, ಮೈಯೆಲ್ಲ ಕೆಸರಾಗಿ ಬಂದಳು. ಬಂದವಳು ಬೈದದ್ದು ನನ್ನನ್ನು! "ನಿಮ್ಮ ಕಾರಖಾನಿಯವರು ಮಾಡಿದ್ದ ಇದು, ಅಂತ ಬಾಜು ಮನಿ ಕಾಕೂ ಬೈಯಾಕತ್ತಾಳ್ರಿ" ಎಂದಳು. ಕಾರಖಾನೆಗೂ ಕೆಸರಿಗೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ, ನನ್ನ ಸಂಕಟವೇ ನನಗೆ ಹೆಚ್ಚಾಗಿತ್ತು. ಏನೋ ಹಾರಿಕೆಯ ಮಾತಾಡಿ ಹೊರಟೆ.

ಕಾರಖಾನೆಯ ಬಾಗಿಲಲ್ಲಿ ಜಗಳವೇ ಕಾದಿತ್ತು. ಮುಂದೆ ಟಾಂಗಾ ಹೊಡೆಯುವ ಪಾಂಡೋಬಾ, ಹಿಂದೆ ಓಣಿಓಣಿಯ ಮಂದಿ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಪಾಂಡೋಬಾನ ಮನೆಮಾತು ಮರಾಠಿ. ಸಿಟ್ಟು ಬಂದರೆ ಎರಡೂ ಭಾಷೆ ಒಟ್ಟಿಗೇ ಬರುತ್ತಿದ್ದವು.

"ಅರೇ ಕಾಯ್ ಹೇ? ಕಾರಕೂನ ಸಾಹೇಬ್ರ, ಇದೇನ ನ್ಯಾಯಾ? ಶ್ರಾವಣಾ ಮುಗೀಲಿಕ್ಕೆ ಬಂತು, ಇನ್ನೂ ಖಾಪರ ಬಂದಿಲ್ಲ! ನನ್ನ ಕುದರಿ ಕಾಲು ಮುರದ್ರ ನೀವ ಕೊಡ್ತೀರೇನು?"

ಖಾಪರ ಎಂದರೆ ಹಂಚಿನ ಚೂರು. ವಿಷಯ ಇಷ್ಟು. ಒಡೆದ ಹಂಚನ್ನು ಕಾರಖಾನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಮನೆತನದ ಹಿರಿಯರು ಅದನ್ನು ಊರಿಗೆ ಬಿಟ್ಟುಕೊಟ್ಟಿದ್ದರು. ಮಳೆಗಾಲದಲ್ಲಿ ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ಓಣಿಯ ಕೆಸರಿಗೆ ಹಾಕಿಕೊಳ್ಳುವುದು. ಮೊದಲು ಸ್ಟೇಶನ್ ದಾರಿ, ಆಮೇಲೆ ಈ ಓಣಿ, ಆಮೇಲೆ ಆ ಓಣಿ ಎಂದು ಪಾಳಿ ಹಚ್ಚಿದ್ದರು. ಪಾಳಿ ತಪ್ಪಿದರೆ ಹೊಡೆದಾಟ. ಇದನ್ನು ಧರ್ಮವೆಂದು ಕೊಟ್ಟವರು ಮರೆತೇಬಿಟ್ಟಿದ್ದರು, ಹಕ್ಕೆಂದು ತೆಗೆದುಕೊಳ್ಳುವವರು ಮರೆತಿರಲಿಲ್ಲ.

ಜಿನ್ನಪ್ಪಣ್ಣ ಕೈಮುಗಿದುಕೊಂಡು ನಿಂತಿದ್ದರು. "ತಪ್ಪಾತ್ರಪಾ. ಈ ವರ್ಷ ಚೂರ ಕಡಿಮಿ ಬಿದ್ದಾವ" ಎನ್ನುತ್ತ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಶಿವಲಿಂಗಾ, ಊರ ಮಂದಿ ಮನಸ ನೋಯಿಸೂದು ಬ್ಯಾಡ. ಅಂಗಳದಾಗಿನ ಒಂದೆರಡ ಸಾಲು ಹಂಚ ಒಡದು ಕೊಟ್ಟಬಿಡೂಣೇನ?"

ಶಿವನೇ! ಒಳ್ಳೆಯ ಹಂಚನ್ನು ಒಡೆದು ಕೆಸರಿಗೆ ಹಾಕುವ ಧಣಿಯನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆ ಕಾಣಲೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಜಿನ್ನಪ್ಪಣ್ಣನ ಮೇಲೆ ಕೂಗುವಂತಿಲ್ಲ, ಪಾಂಡೋಬಾನ ಮೇಲೆ ಕೂಗಿದೆ.

"ಎಲ್ಲಿಂದ ತಂದು ಕೊಡ್ಲೋ ಚೂರ? ಒಡದ್ರ ಅಲ್ಲೇನ ಚೂರ ಬರೂದು? ಒಡದ ಇಲ್ಲ ಅಂದ್ರ ಎಲ್ಲಿಂದ ತರಲಿ?"

"ಹೋದ ವರ್ಷ ನಮ್ಮ ಓಣಿಗೆ ಎಷ್ಟ ಚಕ್ಕಡಿ ಬಂದಿದ್ವು, ಗೊತ್ತೈತೇನ ನಿಮಗ? ನಾನ ಹೇರೀನಿ, ನಾನ!" ಎಂದು ಅವನು ಎದೆ ಬಡಿದುಕೊಂಡ.

ಬೈಯಲು ತೆಗೆದ ಬಾಯಿ ಹಾಗೇ ನಿಂತಿತು. ಮಳೆ ಸುರಿಯುತ್ತಿತ್ತು. ನಾನು ಏನು ಕೂಗಿದೆ, ಅವನು ಏನು ಕೂಗಿದ, ಎರಡೂ ಕೂಡಿ ನನ್ನ ತಲೆಯೊಳಗೆ ಬಂದು ಕೂತವು. ಒಡೆದೇ ಇಲ್ಲ. ಹೋದ ವರ್ಷ ಚಕ್ಕಡಿಗಟ್ಟಲೆ ಬಂದಿದ್ದವು. ಇದನ್ನೇ ಅಲ್ಲವೇ ನಾನು ಕಾರಖಾನೆಯ ಮೂಲೆಮೂಲೆಯಲ್ಲಿ ಹುಡುಕಿದ್ದು? ಅದನ್ನು ಎಣಿಸಿಟ್ಟ ಪುಣ್ಯಾತ್ಮರು ಓಣಿಯಲ್ಲಿ ಕೂತಿದ್ದರು!

ಹೋಗಿ ಪಾಂಡೋಬಾನನ್ನು ಅಪ್ಪಿಕೊಂಡೆ. ಅವನು ಹೊಡೆಯಲು ಬಂದೆ ಎಂದು ತಿಳಿದು ಹಿಂದೆ ಸರಿದು ಕೆಸರಲ್ಲಿ ಕೂತ. "ಕಾರಕೂನಗ ದೆವ್ವ ಬಡದೈತಿ!" ಎಂದು ಯಾರೋ ಅಂದರು. ಅನ್ನಲಿ. ನಾನು ಅವನನ್ನು ಎತ್ತಿ ನಿಲ್ಲಿಸಿ, ಒಳಗೆ ಕರೆದೊಯ್ದು ಬೆಚ್ಚಗಿನ ಫರಸಿಯ ಮೇಲೆ ಕೂಡ್ರಿಸಿ, "ಹೇಳಪಾ, ಯಾವ ಓಣಿಗೆ ಎಷ್ಟು? ಹೋದ ವರ್ಷದ್ದು, ಅದರ ಹಿಂದಿಂದು, ಎಲ್ಲಾ ಹೇಳು" ಎಂದೆ.

ಮುಂದಿನ ದಿನಗಳಲ್ಲಿ ನಾನು ಖಾನಾಪುರದ ಓಣಿಗಳಲ್ಲಿ ಛತ್ರಿ ಹಿಡಿದು ತಿರುಗಿದಷ್ಟು ಯಾವ ಭಿಕ್ಷುಕನೂ ತಿರುಗಿರಲಿಕ್ಕಿಲ್ಲ. ಮನೆಮನೆಯಲ್ಲಿ ಚಹಾ, ಮನೆಮನೆಯಲ್ಲಿ ಜಗಳ. ಒಬ್ಬ ತನ್ನ ಓಣಿಗೆ ಇಷ್ಟು ಬಂದಿತ್ತೆಂದರೆ, ಎದುರಿನ ಓಣಿಯವನು ಬಂದು, "ಸುಳ್ಳ ಹೇಳ್ತಾನ್ರಿ, ಅದರಾಗ ಎರಡ ಚಕ್ಕಡಿ ನಮ್ಮವು, ಅವರಪ್ಪ ಕದ್ದು ಹೊಡಕೊಂಡ ಹೋಗಿದ್ದ" ಎನ್ನುತ್ತಿದ್ದ. ಹೀಗೆ ಒಬ್ಬರ ಬಾಯಿ ಒಬ್ಬರು ತಿದ್ದಿದರು. ಕಾರಖಾನೆಯವರು ನಷ್ಟವೆಂದು ಕಣ್ಣು ಮುಚ್ಚಿ ಹೊರಗೆ ಹಾಕಿದ್ದನ್ನು, ಊರವರು ಆದಾಯವೆಂದು ಕಣ್ಣು ತೆರೆದು ಎಣಿಸಿಟ್ಟಿದ್ದರು. ರಾತ್ರಿ ಮನೆಗೆ ಬಂದರೆ ನನ್ನ ಧೋತರ ಒಗೆದು ಒಗೆದು ನೀಲವ್ವನಿಗೆ ಸಾಕಾಗಿಹೋಯಿತು. ಆದರೂ ಈಗ ಕೆಸರಿಗೆ ಬೈಯುವುದನ್ನು ಬಿಟ್ಟಿದ್ದಳು.

ನೋಂಪಿ ಮುಗಿಯಿತು. ದೊಡ್ಡ ಸಾವಕಾರರು ಬರುವ ದಿನ ಬೆಳಗಿನಿಂದಲೇ ನಾನು ಓಣಿಓಣಿಯ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸುತ್ತಿದ್ದೆ. ಅವರು ಕೈಯಲ್ಲಿ ಮುಟ್ಟದ್ದನ್ನು ನಂಬುವವರಲ್ಲ, ನನ್ನ ಹತ್ತಿರ ಇದ್ದದ್ದು ಊರವರ ಬಾಯಿಮಾತು. "ಊರ ಮಂದಿ ಜಗಳದಾಗ ಲೆಕ್ಕ ಹುಡಕಿದಿ ಏನೋ?" ಎಂದುಬಿಟ್ಟರೆ ಮುಗಿಯಿತು. ಜಿನ್ನಪ್ಪಣ್ಣ ಸುಣ್ಣದ ಗುರುತಿನ ಕಂಬಕ್ಕೆ ಒರಗಿ, ಅಣ್ಣ ಬರುವ ದಾರಿಯನ್ನೇ ನೋಡುತ್ತ ನಿಂತಿದ್ದರು. ಕೆಲಸದವರೆಲ್ಲ ಕೆಲಸ ಮಾಡುವಂತೆ ನಟಿಸುತ್ತಿದ್ದರು.

ರೈಲು ಬಂದ ಸದ್ದು ಕೇಳಿತು. ಎಷ್ಟು ಹೊತ್ತಾದರೂ ಸಾವಕಾರರಿಲ್ಲ. ಕಡೆಗೆ ಕಂಡರು. ಟಾಂಗಾದಲ್ಲಲ್ಲ, ನಡೆದುಕೊಂಡು. ರುಮಾಲು ಓರೆಯಾಗಿದೆ, ಬಿಳಿ ಧೋತರ ತೊಡೆಯವರೆಗೆ ಕೆಸರು, ಒಂದು ಕಾಲಲ್ಲಿ ಬೂಟಿದೆ, ಇನ್ನೊಂದರಲ್ಲಿ ಇಲ್ಲ. ಹಿಂದೆ ಪಾಂಡೋಬಾ ಆ ಇನ್ನೊಂದು ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಪ್ರಸಾದ ತರುವವನ ಹಾಗೆ ಬರುತ್ತಿದ್ದಾನೆ. ಸ್ಟೇಶನ್ ದಾರಿಯಲ್ಲಿ ಟಾಂಗಾದ ಗಾಲಿ ಹೂತು, ಸಾವಕಾರರು ಇಳಿದು, ಇಳಿದವರ ಕಾಲು ಹೂತು, ಕಾಲು ಬಂದರೂ ಬೂಟು ಬಂದಿರಲಿಲ್ಲ. ಪಾಂಡೋಬಾ ಬೇಕೆಂದೇ ಆ ಜಾಗಕ್ಕೆ ಹೊಡೆದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದಾಗಲೆಲ್ಲ ಕುದುರೆಯ ಮೇಲೆ ಹಾಕಿದ.

ಸಾವಕಾರರು ಶೆಡ್ಡಿನೊಳಗೆ ಕಾಲಿಟ್ಟದ್ದೇ ಗುಡುಗಿದರು. "ಜಿನ್ನಪ್ಪಾ! ಇಷ್ಟ ವರ್ಷ ಬಂದೀನಿ, ಒಂದ ದಿನಾನೂ ಆ ದಾರಿಯೊಳಗ ಕಾಲ ಹುಗದಿದ್ದಿಲ್ಲ. ವರ್ಷಾ ಚೂರ ಹಾಕತಿದ್ರಿ, ಈ ವರ್ಷ ಏನ ಧಾಡಿ ಆಗೇತಿ? ಯಾಕ ಹಾಕಿಲ್ಲ?"

ಜಿನ್ನಪ್ಪಣ್ಣ ತಪ್ಪಾಯಿತು ಎನ್ನಲು ಬಾಯಿ ತೆಗೆದರು. ನಾನು ಅಡ್ಡ ನುಗ್ಗಿದೆ. "ಚೂರಿಲ್ರಿ ಸಾವಕಾರ್ರ."

"ಯಾಕಿಲ್ಲ?"

"ಹಂಚ ಒಡದಿಲ್ರಿ."

ಸಾವಕಾರರು ಇನ್ನೇನೋ ಅನ್ನಲು ಹೋದವರು ತಡೆದರು. ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು, ಬರಿಗಾಲನ್ನು ನೋಡಿಕೊಂಡರು. ಕಾಲ ಕೆಳಗಿನ ಫರಸಿ ಬೆಚ್ಚಗಿತ್ತು. ಮೆಲ್ಲಗೆ ಹೋಗಿ ಒಂದು ಹಲಗೆಯ ಅಂಚಿಗೆ ಕೂತರು.

"ಹೋದ ವರ್ಷ ಎಷ್ಟ ಹಾಕಿದ್ರು?" ಈಗ ದನಿ ಕೆಳಗಿತ್ತು.

ಹೇಳಿದೆ. ಸಾಕ್ಷಿಗೆ ಓಣಿಯವರನ್ನೂ ಕರೆಸಿದೆ. ಕರೆಸುವುದೇನು, ಅವರು ಬಾಗಿಲಲ್ಲೇ ಇದ್ದರು. ಸಾವಕಾರರು ವ್ಯಾಪಾರಸ್ಥ. ಬೇಡುವವನು ಹೆಚ್ಚು ಹೇಳುತ್ತಾನೆಂದು ಅವರಿಗೆ ಗೊತ್ತು. ಒಬ್ಬೊಬ್ಬರನ್ನೂ ತಿರುಗಿಸಿ ಮುರುಗಿಸಿ ಕೇಳಿದರು. ಕಡೆಗೆ, "ಇದರಾಗ ಅರ್ಧಾ ಸುಳ್ಳಂತ ತಗೀತೀನಿ" ಎಂದು ಕಣ್ಣು ಮುಚ್ಚಿ ಬೆರಳಿನ ಗೆಣ್ಣು ಎಣಿಸತೊಡಗಿದರು. ಚಕ್ಕಡಿಗೆ ಚೂರೆಷ್ಟು, ಚೂರಿಗೆ ಹಂಚೆಷ್ಟು, ಹಂಚಿಗೆ ಬೆಳಗಾವಿಯ ದರವೆಷ್ಟು. ತುಟಿ ಅಲ್ಲಾಡುತ್ತಿತ್ತು. ಗೆಣ್ಣು ಎಣಿಸಿ ಮುಗಿದ ಮೇಲೂ ಅವರು ಕಣ್ಣು ತೆರೆಯಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಎಣಿಸಿದರು.

ಎದ್ದು ಹೋಗಿ ಒಂದು ಸುಟ್ಟ ಹಂಚು ಎತ್ತಿ ಬೆರಳಿನಿಂದ ಬಾರಿಸಿದರು. ಟಣ್ ಎಂದಿತು. ಇನ್ನೊಂದು, ಮತ್ತೊಂದು. ಎಲ್ಲ ಟಣ್ ಟಣ್.

"ಹೆಣ್ಮಕ್ಕಳ ಖೋಲಿದು?" ಎಂದು ಕೇಳಿದರು, ಕಡೆಯ ಬಿರುಕು ಹುಡುಕುವವರ ಹಾಗೆ. "ಅದರ ಲೆಕ್ಕ ಹೆಂಗ ತಗದಿ?"

ಗಂಗವ್ವ ಮುಂದೆ ಬಂದು ಆ ಸೆಟೆದ ಕೈ ಚಾಚಿದಳು. "ಹೋದ ಮಳಿಗಾಲದಾಗ ನಂದು ಮುರೀತ್ರಿ. ಈ ಮಳಿಗಾಲದಾಗ ಯಾರದೂ ಮುರದಿಲ್ರಿ. ಇದನ್ನೂ ಅರ್ಧಾ ತಗೀತೀರೇನ್ರಿ?"

ಸಾವಕಾರರು ಆ ಕೈ ನೋಡಿದರು. "ಇಲ್ಲವಾ" ಎಂದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಆ ಕಂತ್ರಾಟದಾರಗ ಹೇಳಿ ಕಳಸು, ಕಂಬಾ ಬ್ಯಾರೆ ಕಡೆ ಹುಡಕಂತ" ಎಂದರು.

ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಹೆಂಗಸರು ಸುಮ್ಮನೆ ಹಂಚು ತಿರುವತೊಡಗಿದರು. ಆದರೆ ಎಲ್ಲರ ಭುಜ ಇಳಿದದ್ದು ನನಗೆ ಕಂಡಿತು. ನನ್ನದೂ ಇಳಿಯಿತು. ಅಷ್ಟು ದಿನ ಎದೆಯ ಮೇಲೆ ಯಾರೋ ಕೂತಿದ್ದರು, ಎದ್ದು ಹೋದರು.

ಕತ್ತಲಾಗುವ ಮೊದಲೇ ಜಿನ್ನಪ್ಪಣ್ಣನ ಮನೆಯಲ್ಲಿ ಊಟ ಮುಗಿಸಿ ಸಾವಕಾರರು ರೈಲಿಗೆ ಹೊರಡಲು ಕಾರಖಾನೆಯ ಬಾಗಿಲಿಗೆ ಬಂದರು. ಜಿನ್ನಪ್ಪಣ್ಣ ನೀರಿನ ಹೌದಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಅಣ್ಣನ ಬೂಟು ತೊಳೆಯುತ್ತಿದ್ದರು. ಪಾಂಡೋ‌ಬಾ ಅಡ್ಡ ನಿಂತ. "ಎಲ್ಲಾ ಛಲೋ ಆತ್ರಿ ಸಾವಕಾರ್ರ. ಮತ್ತ ನಮ್ಮ ಖಾಪರದ್ದು ಏನ್ ಗತಿ?"

ಸಾವಕಾರರು ಮುಂದಿನ ದಾರಿ ನೋಡಿದರು, ಬರಿಗಾಲು ನೋಡಿಕೊಂಡರು. "ಗರಸು ಹಾಕಸ್ರಿ. ಸ್ಟೇಶನ್ ದಾರಿಗೂ, ಎಲ್ಲಾ ಓಣಿಗೂ. ವರ್ಷಾ ಹಾಕಸ್ರಿ."

ನಾನು ಕಾರಕೂನ. ಕೇಳಲೇಬೇಕಿತ್ತು. "ಆ ಖರ್ಚು ಎಲ್ಲಿ ಹಚ್ಚಲ್ರಿ ಸಾವಕಾರ್ರ? ಧರ್ಮಕ್ಕ ಹಚ್ಚಲೇನ್ರಿ?"

"ಧರ್ಮಕ್ಕ ಯಾಕೋ ಮಂಗ್ಯಾ?" ಎಂದು ಗದರಿದರು. ತಮ್ಮನ ಕಡೆ ನೋಡಲಿಲ್ಲ. ರುಮಾಲು ಸರಿ ಮಾಡಿಕೊಳ್ಳುತ್ತ ಅಂದರು: "ಶೆಡ್ಡಿನ ಲಾಭದಾಗಿಂದ ಹಚ್ಚು."

ಹೌದಿನ ಹತ್ತಿರ ಬೂಟು ತೊಳೆಯುತ್ತಿದ್ದ ಕೈ ನಿಂತಿತು. ಜಿನ್ನಪ್ಪಣ್ಣ ತಲೆ ಎತ್ತಲಿಲ್ಲ. ಮತ್ತೆ ತೊಳೆಯತೊಡಗಿದರು. ಬೂಟು ಬೆಳ್ಳಗಾಗಿ ಎಷ್ಟೋ ಹೊತ್ತಾಗಿತ್ತು, ಆದರೂ ತೊಳೆಯುತ್ತಲೇ ಇದ್ದರು.

ಹೋದ ವೈಶಾಖದಲ್ಲಿ ಆ ತಗ್ಗಿನ ಅಂಚಿಗೆ ನಿಂತಾಗ ಕೋಲಿನಿಂದ ಮೇಲಿನ ಹಳದಿ ಗರಸನ್ನು ಕೆದರಿ ನೋಡಿದ್ದೆ. ಕೆಂಪು ಎಲ್ಲ ಕೆಳಗೇ ಇತ್ತು. ಆ ಮಳೆಗಾಲದಿಂದ ವರ್ಷವರ್ಷ ಹಾಕಿಸಿದ ಗರಸಿನಲ್ಲಿ ಒಂದು ಚೂರೂ ಸಿಗಲಿಲ್ಲ.